ಏಳಕ್ಕೆ ಸರಿಯಾಗಿ ಹೊರಡುವ ಖಾಲಿ ಬಸ್ಸು

ಮಾನ್ಯ ವಿಭಾಗೀಯ ಸಾರಿಗೆ ನಿಯಂತ್ರಕರೇ,

ಇಚಲಕರಂಜಿಯ ಮಗ್ಗದ ಓಣಿಯಿಂದ ನಮ್ಮೂರು ದಾನೋಳಿಗೆ ನಿಮ್ಮ ಬಸ್ಸು ಸಂಜೆ ಏಳಕ್ಕೆ ಸರಿಯಾಗಿ, ಒಂದು ನಿಮಿಷವೂ ತಪ್ಪದೆ, ಖಾಲಿಯಾಗಿ ಹೊರಡುತ್ತಿದೆ. ಅಭಿನಂದನೆಗಳು. ಈಗ ಆ ಖಾಲಿ ಸೀಟುಗಳನ್ನೇ ನೆಪ ಮಾಡಿ, "ಪ್ರಯಾಣಿಕರ ಅಭಾವ"ದಿಂದ ಬಸ್ಸನ್ನೇ ಒಂದನೇ ತಾರೀಖಿನಿಂದ ರದ್ದು ಮಾಡುವುದಾಗಿ ನೋಟೀಸು ಅಂಟಿಸಿದ್ದೀರಿ. ಪ್ರಯಾಣಿಕರು ಎಲ್ಲಿ ಹೋದರೆಂದು ಯಾರನ್ನಾದರೂ ಕೇಳಿದಿರಾ?

ನಮ್ಮ ಹಗಲು ಪಾಳಿ ಮುಗಿಯುವುದೂ ಏಳಕ್ಕೇ. ಆದರೆ ಮಗ್ಗ ನಿಲ್ಲಿಸಿ ಎದ್ದು ಬರುವ ಪದ್ಧತಿ ನಮ್ಮಲ್ಲಿಲ್ಲ. ಬದಲಿ ಆಳು ಬಂದು, ಓಡುತ್ತಿರುವ ಮಗ್ಗವನ್ನು ನೋಡಿ ವಹಿಸಿಕೊಳ್ಳಬೇಕು. ಅದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಚಾಲಕ ದುಂಡಪ್ಪನವರಿಗೆ ಇದು ಗೊತ್ತಿತ್ತು. ತಲೆಗೆ ಹತ್ತಿಯ ಧೂಳು ಮೆತ್ತಿದ ಕೊನೆಯ ಮನುಷ್ಯ ಬರುವ ತನಕ ಅವರು ಗಾಡಿ ಚಾಲೂ ಮಾಡುತ್ತಿರಲಿಲ್ಲ. "ಇನ್ನ ನಾಕ ಮಂದಿ ಬರೂದೈತ್ರಿ, ಅವರ ಬದಲಿ ಬಂದಿಲ್ಲ. ಜರಾ ತಡೀರಿ," ಅನ್ನುತ್ತಿದ್ದರು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ನನ್ನ ಬದಲಿ ಹೊತ್ತಿಗೆ ಮುಂಚೆಯೇ ಬರುತ್ತಿದ್ದ. ಬಸ್ಸಿನಲ್ಲಿ ಕೂತು ಬೆವರುವುದು ಬೇಸರವಾಗಿ, "ಬಸ್ಸನ್ನು ವೇಳೆಗೆ ಸರಿಯಾಗಿ ಬಿಡಬೇಕು" ಎಂದು ಅರ್ಜಿ ಬರೆದವನು ನಾನೇ. ನಿಲ್ದಾಣಕ್ಕೆ ಚಾವಣಿ ಬೇಕು, ಕುಡಿಯಲು ನೀರು ಬೇಕು ಎಂಬ ನಮ್ಮ ಅರ್ಜಿಗಳೆಲ್ಲ ನಿಮ್ಮ ಮೇಜಿನ ಮೇಲೆ ವರ್ಷಗಟ್ಟಲೆ ಮಲಗಿವೆ. ಇದೊಂದಕ್ಕೆ ಮಾತ್ರ ಎಂಟೇ ದಿನದಲ್ಲಿ ಜೀವ ಬಂತು! ದುಂಡಪ್ಪನವರನ್ನು ಗಡಹಿಂಗ್ಲಜದ ಕಡೆ ಎತ್ತಿ ಹಾಕಿದಿರಿ.

ಈ ದೀಪಾವಳಿಯಿಂದ ನನಗೆ ರಾತ್ರಿ ಪಾಳಿ. ಅದೇ ಓಣಿಯಲ್ಲಿ ಲಾಳಿಯ ಕಾಂಡಿಗೆ ನೂಲು ಸುತ್ತಲು ನನ್ನ ಹೆಂಡತಿ ಸುವರ್ಣಾ ಹಗಲು ಪಾಳಿಗೆ ಸೇರಿದಳು. ಅವಳ ಬದಲಿ ಎಂದೂ ವೇಳೆಗೆ ಬಂದವಳಲ್ಲ. ಬಸ್ಸು ತಪ್ಪಿ, ಬಟ್ಟೆ ಸಾಗಿಸುವ ಟೆಂಪೋದ ಹಿಂದೆ ನಿಂತು ಬರುತ್ತಿದ್ದವಳು ಹೋದ ತಿಂಗಳು ತಿರುವಿನಲ್ಲಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಹರಿದ ಎಳೆಗೆ ನೋಡದೆಯೇ ಗಂಟು ಹಾಕುತ್ತಿದ್ದ ಬೆರಳುಗಳು ಈಗ ಕುಪ್ಪಸದ ಗುಂಡಿಯನ್ನೂ ಹಿಡಿಯುವುದಿಲ್ಲ. ಪಾಳಿ ಮುಗಿಸಿ ಬಂದು ದಿನಾ ನಾನೇ ಗುಂಡಿ ಹಾಕುತ್ತೇನೆ. ಅವಳ ಮುಖ ನೋಡಲು ನಾಚಿಕೆಯಾಗುತ್ತದೆ. ಅವಳು ಬೈಯಲಿಲ್ಲ. "ಅರ್ಜಿ ಬರಿಯೂದು ನಿಮಗ ಬರ್ತೈತಲ್ರಿ. ಇನ್ನೊಂದ ಬರೀರಿ, ಉಳಿದ ಹೆಣ್ಮಕ್ಕಳರೆ ಬಸ್ಸಿನ್ಯಾಗ ಬರಲಿ," ಅಂದಳು.

ಬರೆದಿದ್ದೇನೆ. ನನ್ನ ಹಳೆಯ ಅರ್ಜಿಯನ್ನು ಹರಿದು ಹಾಕಿ. ಬಸ್ಸನ್ನು ಏಳೂಕಾಲಿಗೆ ಬಿಡಿ, ದುಂಡಪ್ಪನವರನ್ನು ಮರಳಿ ಕಳಿಸಿ. ನಂಬಿಕೆ ಬಾರದಿದ್ದರೆ, ರದ್ದು ಮಾಡುವ ಮುಂಚೆ ಒಂದು ಸಂಜೆ ಆ ನಿಲ್ದಾಣಕ್ಕೆ ಖುದ್ದಾಗಿ ಬನ್ನಿ. ದಯವಿಟ್ಟು ವೇಳೆಗೆ ಸರಿಯಾಗಿ ಬರಬೇಡಿ, ಹತ್ತು ನಿಮಿಷ ತಡ ಮಾಡಿ. ನಿಮಗೆ ಅಭಾವವಾದ ಪ್ರಯಾಣಿಕರೆಲ್ಲ ಆಗ ಟೆಂಪೋ ಹತ್ತುತ್ತಿರುತ್ತಾರೆ.

ಇಂತಿ,
ಅರ್ಜಿ ಮಂಜೂರಾದ ದುರ್ದೈವಿ,
ಯಲಗೂರಪ್ಪ, ದಾನೋಳಿ