ನೀಲಿ ಮುಗಿದಲ್ಲಿ

೧೮ ಫೆಬ್ರುವರಿ ೨೦೦೯, ಬನಹಟ್ಟಿ

ಗಲಗಲಿಯಿಂದ ಮುಧೋಳದವರೆಗೆ ನನ್ನಂಥ ಕಣ್ಣಿನವನು ಇನ್ನೊಬ್ಬ ಹುಟ್ಟಿಲ್ಲ. ದುರ್ಬೀನಿಗೆ ಕಟ್ಟಿದ ಮುಕ್ಕೋನ ಗಾಜಿನಲ್ಲಿ ಲುಬ್ಧಕ ನಕ್ಷತ್ರದ ಬೆಳಕನ್ನು ಬಿಡಿಸಿ, ಬಣ್ಣಗಳ ನಡುವೆ ಏಳು ಕಪ್ಪು ಗೆರೆ ಎಣಿಸಿದೆನೆಂದು ಅಣ್ಣನ ಮಗಳು ಪ್ರತಿಮಾಗೆ ಹೇಳಿದೆ. ಹೈಸ್ಕೂಲಿನ ಟೀಚರು, ಸುಮ್ಮನೆ ನಂಬುವವಳಲ್ಲ. ತಾನೇ ಕಣ್ಣಿಟ್ಟು ನೋಡಿದಳು.

“ಏಳ ಎಲ್ಲಿ ಅದಾವು ಕಾಕಾ? ಮೂರ ಅದಾವ. ಕಡೀವು ಎರಡೂ ನೇರಳಿ ಒಳಗ ಅದಾವ.”

“ನೇರಳಿ ಎಲ್ಲೈತಿ?” ಬಾಯಿ ಜಾರಿತು.

“ಸೀರಿ ನೂಲಿನ ಬಣ್ಣ ಹೊಂದಸಾಂವ ನೇರಳಿ ಎಲ್ಲೈತಿ ಅಂತ ಕೇಳ್ತಾನ!” ಎಂದು ನಕ್ಕಳು.

“ನಿನಗ ಪರೀಕ್ಷಾ ಇಟ್ಟಿದ್ನಿ, ತಂಗೀ” ಎಂದು ನಾನೂ ನಕ್ಕೆ.

ಅವಳು ಮಾಳಿಗೆ ಇಳಿದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ನೀಲಿ ಮುಗಿದಲ್ಲಿ ನನಗೆ ಬೆಳಕೇ ಮುಗಿಯುತ್ತದೆ. ಮಗ್ಗದ ಮಾಲಕರಿಗೆ ತಿಳಿದರೆ ನಾಳೆಯಿಂದ ನೂಲು ಮುಟ್ಟಗೊಡುವುದಿಲ್ಲ. ಹೋದ ವಾರ ಸೆರಗಿಗೆಂದು ನಾನು ಆರಿಸಿ ಕೊಟ್ಟ ಕಪ್ಪು ನೂಲಿನ ಲಡಿ ಖರೆಯೇ ಕಪ್ಪಿತ್ತೋ, ನೇರಳೆಯಿತ್ತೋ? ಯಾರನ್ನು ಕೇಳಲಿ? ಕೇಳಿದರೆ ಗೊತ್ತಾಗಿಬಿಡುತ್ತದೆ.

ಇದನ್ನು ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಹೋದ ಚಳಿಗಾಲದಲ್ಲಿ ಇದೇ ಗಾಜಿನಲ್ಲಿ ನನಗೂ ಮೂರು ಗೆರೆ ಕಂಡಿದ್ದವು. ಇಂದು ಕಂಡದ್ದು ಒಂದೇ. ಎರಡು ಹೋಗಿವೆ.