ಎಡಗಡೆಯ ಚೆಂಡು

ಹಾರ್ಲನ್ ಫಾಲ್ಸ್, ಅಯೋವಾ
ಗುರುವಾರ, ಆಗಸ್ಟ್ ೨೩, ೧೯೮೪

ಪ್ರೀತಿಯ ಮಾವನವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಅತ್ತೆ ಟೊಮೆಟೊ ಬೇಯಿಸಿ ಸೀಸೆಗಳಿಗೆ ತುಂಬುವ ಕೆಲಸ ಮುಗಿಸಿದರೇ, ಇಲ್ಲ ಈ ಸೆಕೆಯಲ್ಲೂ ಒಲೆಯ ಮುಂದೆಯೇ ಇದ್ದಾರೆಯೇ? ಇಲ್ಲಿ ಟಿಲ್ಲಿ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಏನು ಮಾತಾಡಿದರೂ ಗಾಳಿಯೇ ಹೆಚ್ಚು ಬರುತ್ತದೆ. ಅಜ್ಜನಿಗೆ ತೋರಿಸಬೇಕೆಂದು ಆ ಹಲ್ಲುಗಳನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ನಾನೂ ಆರೋಗ್ಯವಾಗಿದ್ದೇನೆ.

ಭಾನುವಾರದ ಪತ್ರಿಕೆಯಲ್ಲಿ ನೀವು ಓದಿಯೇ ಇರುತ್ತೀರಿ, ದೊಡ್ಡ ಲೀಗಿನ ಮೇಲಿನ ತಂಡದವರು ನಮ್ಮ ಬೇಸ್‌ಬಾಲ್ ತಂಡದಿಂದ ವೆಂಡೆಲ್ ಬದಲಿಗೆ ಹುಡುಗ ಕಿರೋಗಾನನ್ನು ಕರೆಸಿಕೊಂಡರು ಎಂದು. ನಿಮ್ಮ ಮಗನಿಗೆ ಅನ್ಯಾಯವಾಯಿತೆಂದು ನೀವು ಕ್ಲಬ್ಬಿನವರಿಗೆ ಖಾರವಾಗಿ ಬರೆಯಲು ಕೂತಿದ್ದೀರಿ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಟಿಲ್ಲಿ ಕರೆಯುತ್ತಿದ್ದಾಳೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಮಾವ, ಬರೆದಿದ್ದರೂ ಅದನ್ನು ಅಂಚೆಗೆ ಹಾಕಬೇಡಿ. ಯಾರೂ ಅನ್ಯಾಯ ಮಾಡಿಲ್ಲ. ಅವರು ಮೊದಲು ಕರೆದದ್ದು ವೆಂಡೆಲ್‌ನನ್ನೇ. ಬರುವುದಿಲ್ಲ ಎಂದವನು ಅವನೇ.

ನಡೆದದ್ದು ಹೀಗೆ. ಶನಿವಾರ ಬೆಳಗ್ಗೆ ನಾನು ಮೊಟ್ಟೆ ಹುರಿಯುತ್ತಿದ್ದಾಗ ಗಸ್ ಪೊಕೋರ್ನಿ ಬಾಗಿಲು ಕೂಡ ತಟ್ಟದೆ ಅಡುಗೆಮನೆಗೇ ಬಂದ. ನಮ್ಮ ತಂಡದ ಮ್ಯಾನೇಜರ್ ಆಗಿ ಇಷ್ಟು ವರ್ಷವಾದರೂ ಅವನಿಗೆ ಇಲ್ಲಿ ಕೂತಾಗಲೆಲ್ಲ ನಿಮ್ಮ ಮಾತೇ. ಆಗ ಕ್ಯಾಚರ್ ಆಗಿ ಬ್ಯಾಟಿನವನ ಹಿಂದೆ ಕೂತು ನೀವು ಎಸೆದ ಚೆಂಡು ಹಿಡಿದು ಹಿಡಿದು ಬೆರಳು ಸೊಟ್ಟಗಾಯಿತೆಂದು ಎಲ್ಲರಿಗೂ ಕೈ ತೋರಿಸುತ್ತಾನೆ. ಅವತ್ತು ಅವನ ಮುಖ ನೋಡಿದರೆ ಮೊಮ್ಮಗು ಹುಟ್ಟಿದ ಹಾಗಿತ್ತು. ಮೇಲಿನ ತಂಡದ ಕ್ಯಾಚರ್‌ಗೆ ಭುಜದ ಮೂಳೆ ಮುರಿದಿದೆಯಂತೆ, ಇನ್ನೊಬ್ಬ ಮೊದಲೇ ಗಾಯವಾಗಿ ಮಲಗಿದ್ದಾನಂತೆ. ಕಿರೋಗಾ ಇನ್ನೂ ಎಳೆಯ, ಉಳಿದ ವಾರಗಳಿಗೆ ಪಳಗಿದ ಕೈ ಬೇಕು ಎಂದರಂತೆ. "ನಾಳೆ ಮಧ್ಯಾಹ್ನದ ಆಟಕ್ಕೆ ನೀನು ಅಲ್ಲಿರ್ಬೇಕು ಕಣೋ" ಎಂದು ವೆಂಡೆಲ್‌ನ ಬೆನ್ನು ತಟ್ಟಿದ. ನಾನು ಒಲೆ ಆರಿಸುವುದನ್ನೂ ಮರೆತು ಅತ್ತುಬಿಟ್ಟೆ. ಮೂವತ್ತನಾಲ್ಕರ ವಯಸ್ಸಿನಲ್ಲಿ ಈ ಕರೆ ಯಾರಿಗೆ ಬರುತ್ತದೆ? ನೀವು ಮೇಲೆ ಆಡಿದ ಆ ಒಂದು ಬೇಸಿಗೆಯ ಫೋಟೋ ನಮ್ಮ ಮಂಚದ ಮೇಲಿನ ಗೋಡೆಯಲ್ಲೇ ಇದೆ. ಅದರ ಪಕ್ಕಕ್ಕೆ ಇನ್ನೊಂದು ಮೊಳೆ ಎಲ್ಲಿ ಹೊಡೆಯಬೇಕೆಂದು ಕೂಡ ಆ ಕ್ಷಣದಲ್ಲೇ ಯೋಚಿಸಿದೆ, ನೋಡಿ ನನ್ನ ಹುಚ್ಚು.

ವೆಂಡೆಲ್ ಕಾಫಿ ಲೋಟ ಕೆಳಗಿಟ್ಟು, "ಕಿರೋಗಾನ್ನ ಕಳ್ಸು ಗಸ್. ನಾನು ಹೋಗಲ್ಲ" ಎಂದ.

ಗಸ್ ಮೊದಲು ನಕ್ಕ. ಆಮೇಲೆ ಅವನ ಕುತ್ತಿಗೆ ಕೆಂಪಾಯಿತು. "ಹದಿಮೂರು ವರ್ಷ ಬಸ್ಸಲ್ಲಿ ಕೂತು ಸೀಟು ಸವೆಸ್ದೆ. ಈಗ ಬಾಗ್ಲು ತೆಗೆದ್ರೆ ಕಾಲು ನಡುಗ್ತಾ ನಿಂಗೆ? ನಿಮ್ಮಪ್ಪನಿಗೆ ಏನಂತ ಹೇಳ್ಲಿ ನಾನು?" ಎಂದು ಕೇಳಿದ. ನನಗೂ ಅದೇ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಗ ನಿಮ್ಮ ಮಗ ತಲೆ ಎತ್ತದೆ ಹೇಳಿದ, "ಅಪ್ಪನ ಮಾತು ಬಿಡು. ನನ್ನ ಎಡಗಣ್ಣು ಕಾಣ್ಸಲ್ಲ."

"ಕಾಣ್ಸಲ್ಲ ಅಂದ್ರೆ?"

"ಕಾಣ್ಸಲ್ಲ ಅಂದ್ರೆ ಕಾಣ್ಸಲ್ಲ. ಲೊರೆಟಾ ಈಗ ಎಲ್ಲಿ ನಿಂತಿದಾಳೆ ಅಂತ ನಂಗೆ ಗೊತ್ತಿಲ್ಲ."

ಮಾವ, ನಾನು ಅವನ ಎಡಗಡೆಗೇ ನಿಂತಿದ್ದೆ. ಕೈಗೆಟುಕುವಷ್ಟು ಹತ್ತಿರ, ಬಾಣಲೆ ಹಿಡಿದುಕೊಂಡು. ಮೊಟ್ಟೆ ಸೀದು ಹೊಗೆ ಬರುತ್ತಿತ್ತು, ಅದರ ವಾಸನೆಗೆ ಅವನು ಮುಖ ಪೂರ್ತಿ ತಿರುಗಿಸಿದ ಮೇಲೆ ನನ್ನನ್ನು ನೋಡಿದ. ಒಂಬತ್ತು ವರ್ಷದ ಸಂಸಾರ ಇದು. ಅವನ ಅಂಗಿಯ ಗುಂಡಿ ಬಿದ್ದರೆ ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಚರ್ಚಿನಲ್ಲಿ ಯಾವಾಗಲೂ ನನ್ನನ್ನು ಬಲಗಡೆಗೇ ಕೂರಿಸಿಕೊಳ್ಳುತ್ತಿದ್ದದ್ದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಕಾರು ನೀನೇ ಓಡಿಸು, ಬಸ್ಸಿನಲ್ಲಿ ತಿರುಗಿ ಸಾಕಾಗಿದೆ ಎಂದಾಗ ಸುಸ್ತು ಎಂದುಕೊಂಡಿದ್ದೆ. ಮೇ ತಿಂಗಳಲ್ಲಿ ನೀವು ಇಲ್ಲಿಗೆ ಬಂದಿದ್ದಾಗ ಕೇಳಿದಿರಲ್ಲ, ಬ್ಯಾಟು ಹಿಡಿದು ನಿಲ್ಲುವಾಗ ಇವನೇಕೆ ಇಷ್ಟು ಎದೆ ತಿರುಗಿಸಿ ನಿಲ್ಲುತ್ತಾನೆ, ಯಾವ ದಡ್ಡ ಕಲಿಸಿದ ಎಂದು. ಯಾರೂ ಕಲಿಸಿರಲಿಲ್ಲ. ಬರುವ ಚೆಂಡನ್ನು ಬಲಗಣ್ಣಿನಿಂದ ನೋಡಲು ಅವನು ತಾನೇ ಕಂಡುಕೊಂಡ ದಾರಿ ಅದು.

ಗಸ್ ಕುರ್ಚಿ ಎಳೆದುಕೊಂಡು ಕೂತು, ಬೇರೆ ಯಾರಿಗೆ ಗೊತ್ತು ಎಂದು ಕೇಳಿದ. ಅಲ್ಲಿ ನನಗೆ ಎರಡನೆಯ ಪೆಟ್ಟು. ಕಿರೋಗಾನಿಗೆ ಗೊತ್ತಿತ್ತು, ಎಡಮೂಲೆಯ ಮೂರನೆಯ ಬೇಸಿನಲ್ಲಿ ನಿಲ್ಲುವ ಹುಡುಗನಿಗೂ ಗೊತ್ತಿತ್ತು. ವೆಂಡೆಲ್‌ನ ಎಡಕ್ಕೆ ಎದ್ದ ಚೆಂಡನ್ನು ಆ ಮೂರನೆಯ ಬೇಸಿನವನೇ ಹಿಡಿಯಬೇಕು ಎಂದು ಒಪ್ಪಂದವಂತೆ. ಬೆಂಚಿನಿಂದ ಕಿರೋಗಾ "ಎಡಕ್ಕೆ, ಎಡಕ್ಕೆ" ಎಂದು ಕೂಗುತ್ತಿದ್ದನಲ್ಲ, ಅದನ್ನು ನಾವು ಹೆಂಗಸರೆಲ್ಲ ಹುಡುಗುಬುದ್ಧಿ ಎಂದು ನಗುತ್ತಿದ್ದೆವು. ಮೂರನೆಯ ಬೇಸಿನವನ ಹೆಂಡತಿ ಮಾರ್ಲಿಸ್ ನನ್ನನ್ನು ಯಾವಾಗಲೂ ಚುಚ್ಚುತ್ತಿದ್ದಳು, "ನಿನ್ನ ಗಂಡನ ಕೆಲ್ಸ ಕಿತ್ಕೊಳಕ್ಕೆ ಬಂದವನಿಗೆ ನೀನೇ ಬಡಿಸ್ತೀಯಲ್ಲೇ" ಎಂದು. ಆ ಹುಡುಗ ನಮ್ಮ ಮೇಜಿನಲ್ಲಿ ಎರಡೆರಡು ಸಲ ಮಾಂಸದ ಸಾರು ಹಾಕಿಸಿಕೊಂಡು ಉಣ್ಣುತ್ತ, ನನ್ನ ಗಂಡನ ಕಣ್ಣಾಗಿದ್ದ. ಹೆಂಡತಿಯಾದ ನನಗೇ ಗೊತ್ತಿರಲಿಲ್ಲ. ಗಸ್‌ಗೂ ಗೊತ್ತಿರಲಿಲ್ಲ.

ಕೊನೆಗೆ ನಾನೇ ಕೇಳಿದೆ. ಇಷ್ಟು ದಿನ ಮುಚ್ಚಿಟ್ಟವನು ಇನ್ನೊಂದು ದಿನ ಮುಚ್ಚಿಟ್ಟುಕೊಂಡು ಹೋಗಬಹುದಿತ್ತಲ್ಲ, ಒಂದೇ ಒಂದು ಆಟ ಆಡಿ ಬರಬಹುದಿತ್ತಲ್ಲ ಎಂದೆ. ಹಾಗೆ ಕೇಳಿದ್ದಕ್ಕೆ ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಅವನು ಎಷ್ಟು ಆಸೆಪಟ್ಟಿದ್ದನೆಂದು ನನಗೆ ಗೊತ್ತು. ಅವನು ಜುಲೈನ ಆಟವೊಂದರ ಮಾತು ಎತ್ತಿದ. ಎದುರಾಳಿ ತಂಡದ ಹುಡುಗನೊಬ್ಬ ಮೂರನೆಯ ಬೇಸಿನಿಂದ ವೆಂಡೆಲ್ ಕಡೆಗೆ ಓಡಿಬಂದು ನೆಲಕ್ಕೆ ಬಿದ್ದು ಜಾರಿದ್ದ, ವೆಂಡೆಲ್‌ನ ಮಂಡಿ ಅವನ ಮಣಿಕಟ್ಟಿನ ಮೇಲೆ ಕೂತಿತ್ತು. ಆಟದಲ್ಲಿ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಮರೆತಿದ್ದರು. "ಅವ್ನು ಬಂದಿದ್ದೇ ನಂಗೆ ಕಾಣ್ಲಿಲ್ಲ ಲೊರೆಟಾ. ಮೂಳೆ ಮುರಿದ ಸದ್ದು ಕೇಳಿದ್ಮೇಲೆ ಗೊತ್ತಾಯ್ತು. ಅವ್ನೂ ಮೇಲೆ ಹೋಗ್ಬೇಕು ಅಂತ್ಲೇ ಮನೆ ಬಿಟ್ಟು ಬಂದವ್ನು. ಅಲ್ಲೂ ಹೋಗಿ ಇನ್ನೊಬ್ಬನ ಕೈ ಮುರೀಲಾ?" ಎಂದ. ಗಸ್ ಎದ್ದುಹೋಗಿ ನಮ್ಮ ಫೋನಿನಿಂದಲೇ ಮೇಲಿನವರಿಗೆ ಮಾತಾಡಿದ. ಕಣ್ಣಿನ ಮಾತೆತ್ತದೆ, ವೆಂಡೆಲ್ ಸ್ಟ್ರೌಡ್‌ಗೆ ಸೊಂಟ ಹಿಡಿದಿದೆ ಎಂದ.

ಕಿರೋಗಾ ಮಧ್ಯಾಹ್ನ ಚೀಲ ಹೊತ್ತು ಬಂದು ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟ. ವೆಂಡೆಲ್‌ನ ಜಾಗಕ್ಕೆ ತಾನು ಹೋಗುವುದಿಲ್ಲ ಎಂದು ಹಟ. ವೆಂಡೆಲ್ ಅವನನ್ನು ರಟ್ಟೆ ಹಿಡಿದು ಎಬ್ಬಿಸಿ, "ಏಳೋ, ವಿಮಾನ ಏನು ನಿಮ್ಮಮ್ಮನಾ, ನಿನಗೋಸ್ಕರ ಕಾಯ್ತಾ ಕೂರಕ್ಕೆ" ಎಂದು ಗದರಿ ಕಾರಿಗೆ ಹತ್ತಿಸಿದ. ಭಾನುವಾರ ನಾವಿಬ್ಬರೂ ರೇಡಿಯೋ ಹಾಕಿಕೊಂಡು ಕೂತೆವು. ಹುಡುಗ ಒಂದು ಚೆಂಡು ಬಿಟ್ಟ, ಆಮೇಲೆ ಎರಡನೆಯ ಬೇಸಿಗೆ ಕದ್ದೋಡುತ್ತಿದ್ದವನನ್ನು ಚೆಂಡೆಸೆದು ಔಟ್ ಮಾಡಿದ. ವೆಂಡೆಲ್ ಮೇಜು ಗುದ್ದಿ ನಕ್ಕ. ಆಟ ಮುಗಿಯುವ ಮೊದಲೇ ಎದ್ದು ಹಿತ್ತಲಿಗೆ ಹೋದ. ನಾನು ಹಿಂದೆ ಹೋಗಲಿಲ್ಲ.

ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಒತ್ತಡ ಏರಿ, ನೋವೇ ಇಲ್ಲದೆ ಅಂಚಿನಿಂದ ಒಳಕ್ಕೆ ನೋಟವನ್ನು ತಿಂದುಹಾಕುವ ಕಾಯಿಲೆಯಂತೆ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಮರಳಿ ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ, ಆದರೆ ಹನಿ ಔಷಧಿಯನ್ನು ತಪ್ಪದೆ ಹಾಕಿದರೆ ಅಲ್ಲಿಗೇ ತಡೆಯಬಹುದು ಎಂದರು. ಬೇಸ್‌ಬಾಲ್ ಮುಗಿಯಿತು ಎಂಬುದನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ಚಳಿಗಾಲದಲ್ಲಿ ಹೊಸ ಕ್ಯಾಚರ್‌ಗಳಿಗೆ ಕಲಿಸಲು ಬಾ ಎಂದು ಗಸ್ ಕರೆದಿದ್ದಾನೆ. ಇವನು ಹೂಂ ಎಂದೂ ಇಲ್ಲ, ಊಹೂಂ ಎಂದೂ ಇಲ್ಲ.

ನಿನ್ನೆ ಆಟಕ್ಕೆ ಬಂದ. ಬೆಂಚಿಗೆ ಹೋಗದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾವು ಹೆಂಗಸರು ಕೂರುವ ಸಾಲಿಗೆ ಬಂದು ನನ್ನ ಪಕ್ಕ ಕೂತ. ಮಾರ್ಲಿಸ್ ಅವನಿಗೊಂದು ಮೆತ್ತೆ ಎಸೆದು, "ಹಾಕ್ಕೊಂಡು ಕೂತ್ಕೊ ಹೊಸ ಸೊಸೆ, ಹಲಗೆ ಚುಚ್ಚತ್ತೆ" ಎಂದಳು. ಅವನು ನಕ್ಕ. ಗಂಡನೂ ನಾನೂ ಪಕ್ಕಪಕ್ಕ ಕೂತು ಆಟ ನೋಡಿದ್ದು ಅದೇ ಮೊದಲು. ಮೂರು ಸಲ ನನ್ನ ಕೈಯಿಂದ ಕಡಲೆಕಾಯಿ ಕಸಿದುಕೊಂಡು ತಿಂದ.

ಅವನು ಚಿಕ್ಕವನಾಗಿದ್ದಾಗ ನಿಮ್ಮ ಮುಂದೆ ಯಾವುದನ್ನೂ ಮುಚ್ಚಿಡುತ್ತಿರಲಿಲ್ಲವಂತೆ. "ಇದೊಂದನ್ನ ಮಾತ್ರ ಅಪ್ಪನಿಗೆ ನಾನು ಹೇಳಕ್ಕಾಗಲ್ಲ, ನೀನೇ ಬರಿ" ಎಂದ, ಅದಕ್ಕೇ ಬರೆದೆ. ಅವನ ಮೇಲೆ ಕೋಪ ಬೇಡ, ಒಂದು ಸಾಲು ಬರೆದು ಹಾಕಿ. ಅತ್ತೆಗೆ ನನ್ನ ನಮಸ್ಕಾರ, ನಿಮಗೆ ಟಿಲ್ಲಿಯ ಗಾಳಿ ತುಂಬಿದ ಮುತ್ತು.

ನಿಮ್ಮ ಸೊಸೆ
ಲೊರೆಟಾ

ಮರೆತ ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬೀದಿಯ ಕೊನೆಗೆ ಬಂದಿದ್ದಾನೆ. ಈ ಕಾಯಿಲೆ ವಂಶದಲ್ಲಿ ಇಳಿದು ಬರುತ್ತದೆಯಂತೆ. ನಿಮ್ಮ ತಂದೆಗಿದೆಯೇ ಎಂದು ಡಾಕ್ಟರು ಕೇಳಿದಾಗ ವೆಂಡೆಲ್ ಇಲ್ಲ ಎಂದ. ಆದರೆ ಕಳೆದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ನೀವು ಸಾರನ್ನು ತಟ್ಟೆಯ ಆಚೆಗೆ, ಮೇಜುಬಟ್ಟೆಯ ಮೇಲೆ ಸುರಿದಿರಿ. ನಾವೆಲ್ಲ ನಕ್ಕೆವು, ನೀವೂ ನಕ್ಕಿರಿ. ಮಾವ, ನಿಜ ಹೇಳಿ, ನಿಮಗೆ ತಟ್ಟೆಯ ಅಂಚು ಕಂಡಿತ್ತೇ? ಈ ಪತ್ರ ಮುಟ್ಟಿದ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಅತ್ತೆಯೇ ಕಾರು ಓಡಿಸಲಿ. ಬರುವ ಸೋಮವಾರ ನಾನು ಟಿಲ್ಲಿಯನ್ನೂ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದೇನೆ. ವೆಂಡೆಲ್‌ಗೆ ಇನ್ನೂ ಹೇಳಿಲ್ಲ.