ಹಿತ್ತಾಳೆ ಮೊಳೆ

ಭಾನುವಾರ, ೯ ನವೆಂಬರ್

ಪ್ರೀತಿಯ ಪುಟ್ಟೀ,

ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ, ಈಗ ಚೆನ್ನಾಗಿದ್ದೇವೆ. ನಿನಗೆ ಬರೆದು ತಿಂಗಳುಗಳೇ ಆದವು, ತಪ್ಪು ನನ್ನದೇ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಾನು ಎರಡನೇ ಪ್ರಶ್ನೆ ಕೇಳುವಷ್ಟರಲ್ಲಿ ನಿನಗೆ ಒಲೆ ಮೇಲಿಟ್ಟ ಹಾಲು ನೆನಪಾಗುತ್ತದೆ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಗಾಬರಿಯಾಗಬೇಡ, ಮೊನ್ನೆ ಗುರುವಾರ ನಿಮ್ಮಪ್ಪನ ಎದೆಯೊಳಗಿಂದ ಒಂದು ಮೊಳೆ ತೆಗೆದರು.

ಆಗಸ್ಟಿನಿಂದಲೂ ಅವರಿಗೆ ಕೆಮ್ಮು. ಎಷ್ಟು ಸಿರಪ್ಪು ಕುಡಿದರೂ ಜಗ್ಗಲಿಲ್ಲ. ಬಿಟ್ಟಿದ್ದ ಸಿಗರೇಟನ್ನು ಮತ್ತೆ ಹಿಡಿದಿದ್ದಾರೆ ಅಂತ ನನಗೆ ಅನುಮಾನ. ಅಂಗಿ ಮೂಸಿದೆ, ಜೇಬು ತಡಕಿದೆ, ಅವರ ಅಂಗಡಿಗೆ ಹೋಗಿ ಸೋಫಾಕ್ಕೆ ತುಂಬುವ ಸ್ಪಂಜಿನ ಮೂಟೆಗೂ ಕೈ ಹಾಕಿದೆ. ಸಿಕ್ಕಿದ್ದು ಅಳತೆ ಟೇಪು. "ನೀನು ಪೊಲೀಸ್ ಕೆಲ್ಸಕ್ಕೆ ಸೇರ್ಬೇಕಿತ್ತು ಕಣೇ," ಎಂದು ನಕ್ಕರು, ನಗುತ್ತಲೇ ಕೆಮ್ಮಿದರು. ಏನೂ ಸಿಗಲಿಲ್ಲ ಅಂದಮೇಲೆ ಅನುಮಾನ ಇನ್ನೂ ಬಲವಾಯಿತು. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಹೋದ ವಾರ ಕೆಮ್ಮಿನ ಜೊತೆ ರಕ್ತ ಬಂತು. ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ನೋಡಿದರೆ ಬಲಗಡೆಯ ಶ್ವಾಸನಾಳದಲ್ಲಿ ಮೊಳೆ! ತಲೆ ಕೆಳಗೆ, ಮೊನೆ ಮೇಲೆ. ಡಾಕ್ಟರಮ್ಮ ಒಮ್ಮೆ ಚಿತ್ರ ನೋಡಿದರು, ಒಮ್ಮೆ ಇವರ ಮುಖ ನೋಡಿದರು.

"ಒಳಗೆ ಹೋಗಿದ್ದು ಗೊತ್ತಾಗ್ಲಿಲ್ವಾ?"

"ಹೊಟ್ಟೆಗೆ ಹೋಯ್ತು ಅಂದ್ಕೊಂಡೆ."

"ಮೊಳೆನ ಬಾಯಲ್ಲಿ ಯಾಕೆ ಇಟ್ಕೊಂಡ್ರಿ?"

"ಕುರ್ಚಿಗೆ ಬಟ್ಟೆ ಹೊದಿಸ್ಬೇಕಾದ್ರೆ ಒಂದು ಕೈಲಿ ಬಟ್ಟೆ ಎಳ್ದು ಹಿಡೀಬೇಕು, ಇನ್ನೊಂದ್ರಲ್ಲಿ ಸುತ್ತಿಗೆ. ಮೂರನೇ ಕೈ ಎಲ್ಲಿಂದ ತರ್ಲಿ, ಡಾಕ್ಟ್ರೇ?"

ಎದೆ ಕೊಯ್ಯುವುದು ಬೇಡ, ಬ್ರಾಂಕೋಸ್ಕೋಪಿ ಮಾಡೋಣ ಅಂದರು. ಅರಿವಳಿಕೆ ಕೊಟ್ಟು, ಬಾಯಿಂದ ಕೊಳವೆ ಇಳಿಸಿ, ಅದರ ದೀಪದಲ್ಲಿ ನೋಡುತ್ತಾ ಸಣ್ಣ ಚಿಮ್ಮಟದಿಂದ ಹಿಡಿದು ತೆಗೆಯುವುದು. ಮೊಳೆಯ ಸುತ್ತ ಮಾಂಸ ಬೆಳೆದುಬಿಟ್ಟಿತ್ತಂತೆ, ಎರಡು ಸಲ ಹಿಡಿತ ಜಾರಿತಂತೆ. ಕೊನೆಗೆ ಎಲ್ಲೂ ಗೀರದ ಹಾಗೆ ಮೊನೆಯನ್ನು ಕೊಳವೆಯೊಳಕ್ಕೆ ಎಳೆದುಕೊಂಡು, ಕೊಳವೆ ಸಮೇತ ಹೊರಗೆ ತಂದರು. ಅಷ್ಟು ಹೊತ್ತೂ ನಾನು ಹೊರಗಿನ ಬೆಂಚಿನ ಮೇಲೆ ಅವರ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ತುಂಬಾ ಹೆದರಿಕೆಯಾಗಿತ್ತು ಕಣೇ.

ಮೊಳೆಯನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ ಕೊಟ್ಟರು. ನೋಡಿದೆ, ಗುಂಡು ತಲೆಯ ಹಿತ್ತಾಳೆ ಮೊಳೆ. ದಿನದ ಕೆಲಸಕ್ಕೆಲ್ಲ ಅವರು ಹೊಡೆಯುವುದು ಕರಿ ಮೊಳೆ. ಈ ವರ್ಷ ಹಿತ್ತಾಳೆ ಮೊಳೆ ತಂದದ್ದು ಒಂದೇ ಕುರ್ಚಿಗೆ, ನೀನು ಕಾಲು ಮಡಚಿಕೊಂಡು ಕೂತು ಓದುತ್ತಿದ್ದೆಯಲ್ಲ, ಆ ಹಳೇ ಕುರ್ಚಿಗೆ. ಅದನ್ನೂ ಆಗಸ್ಟಿನಲ್ಲಿ ಅರ್ಧಕ್ಕೆ ಬಿಟ್ಟು ಗೋಣಿ ಮುಚ್ಚಿಟ್ಟಿದ್ದಾರೆ. ಕೇಳಿದರೆ, ಸೀನು ಬಂತು, ಮೊಳೆ ಒಳಗೆ ಹೋಯಿತು ಅನ್ನುತ್ತಾರೆ. ಸೀನು ಬರುವ ಮೊದಲೇ ಮೊಳೆಯನ್ನು ಅಂಗೈಗೆ ಉಗುಳಿಕೊಳ್ಳುವ ಮನುಷ್ಯ ಅವರು, ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ನನ್ನ ಕಿವಿಗೇ ಹೂವು ಇಡುತ್ತಾರೆ!

ಪಕ್ಕದಂಗಡಿಯಲ್ಲಿ ಗಾಜು ಕತ್ತರಿಸುವವನನ್ನು ಹಿಡಿದು ಕೇಳಿದೆ. "ಆವತ್ತು ಯಾರ್ದೋ ಫೋನ್ ಬಂತಮ್ಮಾ. ಬಾಯಲ್ಲಿ ಮೊಳೆ ಇಟ್ಕೊಂಡೇ ಹೂಂ ಹೂಂ ಅಂತಿದ್ರು. ಇದ್ದಕ್ಕಿದ್ದಂಗೆ ಉಸಿರು ಎಳ್ಕೊಂಡು, ಕೆಮ್ಮಿ ಕೆಮ್ಮಿ ಕೂತ್ಬಿಟ್ರು. ನೀರು ಕೊಟ್ಟೆ. ಮನೇಲಿ ಹೇಳ್ಬೇಡ ಅಂದ್ರು," ಅಂದ.

ಯಾರ ಫೋನು? ಇವರು ಬಾಯಿ ಬಿಡುತ್ತಿಲ್ಲ. ನಿನಗೇನಾದರೂ ಹೇಳಿದ್ದಾರಾ? ಅಪ್ಪ ಮಗಳ ಗುಟ್ಟು ನನಗೇನೂ ಹೊಸದಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ, ನಿನ್ನ ಮನೆ ನಗುನಗುತ್ತಾ ಇರಲಿ.

ಇಂತಿ ನಿನ್ನ
ಅಮ್ಮ

ತಾ.ಕ.: ಇವತ್ತು ಸೋಮವಾರ. ಬೆಳಿಗ್ಗೆ ಲಕೋಟೆ ಅಂಟಿಸಿ, ಅಂಚೆಗೆ ಹಾಕಿ ಬನ್ನಿ ಎಂದು ನಿಮ್ಮಪ್ಪನ ಕೈಗೆ ಕೊಟ್ಟೆ. ವಿಳಾಸ ನೋಡುತ್ತಾ ಅಲ್ಲೇ ನಿಂತುಬಿಟ್ಟರು. "ಅವ್ಳು ಆ ಮನೇಲಿಲ್ಲ ಕಣೇ," ಅಂದರು. "ಆಗಸ್ಟ್‌ನಲ್ಲೇ ಬಿಟ್ಟು ಹೋದ್ಲು, ಈಗ ಬೇರೆ ಕಡೆ ಇದ್ದಾಳೆ. ಅವ್ನು ಮತ್ತೆ ಹೊಡೆದಿದ್ದ. ಅದನ್ನ ಹೇಳೋಕೇ ಆವತ್ತು ಫೋನ್ ಮಾಡಿದ್ದು. ಅಮ್ಮಂಗೆ ಹೇಳ್ಬೇಡಿ, ಮತ್ತೆ ವಾಪಸ್ ಕಳಿಸ್ತಾಳೆ ಅಂದ್ಲು."

ಮೊಳೆಯ ವಿಷಯ ಹೇಳಿದರೆ ಫೋನಿನ ವಿಷಯವೂ ಹೊರಬರುತ್ತದೆಂದು ಮೂರು ತಿಂಗಳು ಸುಮ್ಮನಿದ್ದರಂತೆ.

ಹೋದ ವರ್ಷ ನೀನು ಒಂದೇ ಒಂದು ಚೀಲ ಹಿಡಿದುಕೊಂಡು ಬಂದಿದ್ದೆ. ಊದಿದ ನಿನ್ನ ಕೆನ್ನೆ ನೋಡಿದೆ, ಬಾಗಿಲು ತಗುಲಿತು ಅಂತ ನೀನಂದೆ, ನಾನು ನಂಬಿದೆ. ಅಂಗಿ ಜೇಬನ್ನೂ ಬಿಡದೆ ಅನುಮಾನಿಸುವವಳು ಅದೊಂದನ್ನು ನಂಬಿದೆ. ಸಂಜೆ ಬಸ್ಸಿಗೆ ನಾನೇ ಹತ್ತಿಸಿದೆ.

ಲಕೋಟೆ ಬದಲಾಯಿಸಿದ್ದೇನೆ, ನಿನ್ನ ಹೊಸ ವಿಳಾಸ ನಿಮ್ಮಪ್ಪ ಬರೆದಿದ್ದಾರೆ. ಮಧ್ಯಾಹ್ನ ನಿನ್ನ ಕುರ್ಚಿಯ ಕೆಲಸ ಮುಗಿಸುತ್ತಾರಂತೆ. ಇನ್ನು ಬಾಯಿಗೆ ಮೊಳೆ ಹಾಕುವಂತಿಲ್ಲ, ಪಕ್ಕದಲ್ಲಿ ಕೂತು ಒಂದೊಂದಾಗಿ ನಾನು ಕೊಡುತ್ತೇನೆ.

ಬಾ ಪುಟ್ಟೀ. ಈ ಸಲ ನಾನು ಬಸ್ಸಿನ ಹೊತ್ತು ನೋಡುವುದಿಲ್ಲ.